ಕುಂಚ ಹಿಡಿದ ಕೈಗೆ ವೀಣೆಯ ಹುಚ್ಚು: ಮೈಸೂರಿನ ಕೆ. ವೆಂಕಟಪ್ಪ ಎಂಬ ಹವ್ಯಾಸಿ ವೈಣಿಕ

ಮೈಸೂರು: ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ವೆಂಕಟಪ್ಪ ಚಿತ್ರಶಾಲೆ ಗೊತ್ತು. ಆದರೆ ಆ ವೆಂಕಟಪ್ಪ ನಮ್ಮ ಮೈಸೂರಿನವರು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ದೊಡ್ಡ ಚಿತ್ರಕಾರ ಅನ್ನೋದು ಗೊತ್ತಿದ್ದವರಿಗೂ ಇನ್ನೊಂದು ವಿಷಯ ಗೊತ್ತಿರೋದು ಅನುಮಾನ. ಹೆಸರು ಮಾಡಿ ಊರಿಗೆ ಮರಳಿದ ಮೇಲೆ ಈ ಮನುಷ್ಯ ಕುಂಚವನ್ನು ಪಕ್ಕಕ್ಕಿಟ್ಟು, ವೀಣೆ ಕಲಿಯೋಕೆ ಮತ್ತೆ ವಿದ್ಯಾರ್ಥಿಯಾಗಿ ಕೂತಿದ್ದರು.

ಅದು ಸಂಜೆ ಹೊತ್ತು ಕಳೆಯುವ ಹವ್ಯಾಸ ಆಗಿರಲಿಲ್ಲ. ಇವರ ಚಿತ್ರಕಲೆ ಎಲ್ಲಿ ಹಾಳಾಗಿಬಿಡುತ್ತೋ ಅಂತ ಅಭಿಮಾನಿಗಳು ಆತಂಕಪಡುವಷ್ಟು ಗಾಢವಾದ ಹುಚ್ಚು. ಕೊನೆಗೆ ಆ ಹುಚ್ಚಿನ ಬಗ್ಗೆಯೇ ಅವರು ಒಂದು ಚಿತ್ರ ಬರೆದರು.

ಚಿತ್ರಗಾರರ ಮನೆಯ ಹುಡುಗ

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರ ಮನೆತನದಲ್ಲಿ. ಅರಮನೆಗೆ ಬೇಕಾದ ಚಿತ್ರ ಬರೆದುಕೊಡೋದು ಇಂಥ ಮನೆತನಗಳ ಕುಲಕಸುಬು. ಚಿನ್ನದ ಹಾಳೆ, ಗಂಜೀಫಾ ಎಲೆ, ದೇವರ ಪಟ, ರಾಜರ ಭಾವಚಿತ್ರ ಎಲ್ಲವೂ ಆ ಕಾಲದ ಮೈಸೂರು ಚಿತ್ರಗಾರರ ಕೈಯಲ್ಲೇ ಆಗಬೇಕಿತ್ತು. ಬಣ್ಣ ಅರೆಯೋದು, ಕುಂಚ ಕಟ್ಟೋದು, ಗೆರೆ ಎಳೆಯೋದು ಇಂಥ ಮನೆಯ ಮಕ್ಕಳಿಗೆ ಆಟದ ಜೊತೆಗೇ ಬರುತ್ತಿತ್ತು.

ಊರಿನಲ್ಲಿ ಶುರುವಾದ ಕಲಿಕೆ ಮದರಾಸಿಗೆ, ಅಲ್ಲಿಂದ ಕಲ್ಕತ್ತಾದ ಸರ್ಕಾರಿ ಕಲಾಶಾಲೆಗೆ ಕರೆದುಕೊಂಡು ಹೋಯಿತು. 1909ರಲ್ಲಿ ಅಲ್ಲಿಗೆ ಸೇರಿದ ವೆಂಕಟಪ್ಪನವರಿಗೆ ಸಿಕ್ಕ ಗುರು ಅವನೀಂದ್ರನಾಥ ಠಾಕೂರರು, ಅಂದರೆ ಕವಿ ರವೀಂದ್ರನಾಥರ ಅಣ್ಣನ ಮಗನ ವರಸೆಯವರು. ಸಹಪಾಠಿಗಳ ಪೈಕಿ ನಂದಲಾಲ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಇದ್ದರು. ಎಲ್ಲರೂ ಮುಂದೆ ದೇಶದ ಕಲಾ ಇತಿಹಾಸದಲ್ಲಿ ಹೆಸರಾದವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂದಾಗ ಅದರ ಚಿತ್ರಗಳಲ್ಲಿ ಮೈಸೂರಿನ ಈ ಹುಡುಗನ ಕೆಲಸವೂ ಇತ್ತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯವನ್ನು ಗಮನಿಸಬೇಕು. ಗುರು ಅವನೀಂದ್ರನಾಥರೂ ತಂತಿವಾದ್ಯದ ಪ್ರೇಮಿ. ಕಮಾನು ಹಾಕಿ ನುಡಿಸುವ ಎಸ್ರಾಜ್ ಅವರ ವಾದ್ಯ. ಜೋರಾಸಾಂಕೊದ ಠಾಕೂರರ ಮನೆಯಲ್ಲಿ ಹಾಡು, ನಾಟಕ, ಚಿತ್ರ ಯಾವುದಕ್ಕೂ ನಡುವೆ ಗೋಡೆ ಇರಲಿಲ್ಲ. ಚಿತ್ರ ಬರೆಯುವವನು ವಾದ್ಯ ಹಿಡಿದರೆ ಅಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆ ಗಾಳಿಯಲ್ಲಿ ಏಳು ವರ್ಷ ಇದ್ದವರು ವೆಂಕಟಪ್ಪ.

ಮೂವತ್ತರಲ್ಲಿ ಸರಳೆ ವರಸೆ

1916ರ ಹೊತ್ತಿಗೆ ವೆಂಕಟಪ್ಪ ಮೈಸೂರಿಗೆ ವಾಪಸ್ ಬಂದರು. ಬಂದಿದ್ದು ಎಂಥ ಊರಿಗೆ ಅಂತೀರಿ? ರಾಜರೇ ವಾದ್ಯ ಹಿಡಿದು ಕೂರುತ್ತಿದ್ದ ಊರಿಗೆ. ಹತ್ತನೇ ಚಾಮರಾಜ ಒಡೆಯರು ಪಿಟೀಲು ಕಲಿತವರು. ಅರಮನೆಯ ಕೃಷ್ಣ ದೇವಸ್ಥಾನದಲ್ಲಿ ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ ಅವರಂಥ ವಿದ್ವಾಂಸರ ಜೊತೆ ಕೂತು ನುಡಿಸುತ್ತಿದ್ದರು. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರಂತೂ ವೀಣೆ, ಪಿಟೀಲು, ಕೊಳಲು, ಪಿಯಾನೋ ಅಂತ ಹಲವು ವಾದ್ಯಗಳನ್ನು ಅಭ್ಯಾಸ ಮಾಡಿದವರು. ಹೊಟ್ಟೆಪಾಡಿಗಲ್ಲದೆ ಬರೀ ಪ್ರೀತಿಗೆ ವಾದ್ಯ ನುಡಿಸೋದು ಮೈಸೂರಿನಲ್ಲಿ ಅರಮನೆಯಿಂದಲೇ ಬಂದ ರೂಢಿ.

ಅಂಥ ಊರಿನಲ್ಲಿ ವೆಂಕಟಪ್ಪನವರ ಮನಸ್ಸು ವೀಣೆಗೆ ಬಿತ್ತು. ಅವರು ನೇರವಾಗಿ ಹೋಗಿದ್ದು ವೀಣೆ ಶೇಷಣ್ಣನವರ ಬಳಿಗೆ.

ವಯಸ್ಸಿನ ಲೆಕ್ಕ ಹಾಕಿ ನೋಡಿ. ಶಿಷ್ಯನಿಗೆ ಮೂವತ್ತು ದಾಟಿತ್ತು, ಗುರುಗಳಿಗೆ ಅರವತ್ತು ದಾಟಿತ್ತು. ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ ಮಕ್ಕಳು ಶುರು ಮಾಡುವ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳ ದಾರಿಗೆ ಮೂವತ್ತರ ನಂತರ ಕಾಲಿಡೋದು ಅಂದರೆ ಸುಮ್ಮನೆ ಮಾತಲ್ಲ. ಅದೂ ಒಂದು ಕಲೆಯಲ್ಲಿ ಆಗಲೇ ಹೆಸರು ಮಾಡಿದವನು ಇನ್ನೊಂದು ಕಲೆಯ ಒಂದನೇ ತರಗತಿಯಲ್ಲಿ ಕೂರೋದಕ್ಕೆ ನಾಚಿಕೆ, ಅಹಂಕಾರ ಎರಡನ್ನೂ ಹೊಸಿಲಾಚೆ ಬಿಟ್ಟು ಬರಬೇಕು.

ಶೇಷಣ್ಣ ಅಂದರೆ ಯಾರು?

ಶಿಷ್ಯನ ಹುಚ್ಚು ಅರ್ಥ ಆಗಬೇಕಾದರೆ ಗುರುಗಳ ಬಗ್ಗೆ ಸ್ವಲ್ಪ ತಿಳಿಯಬೇಕು. ಶೇಷಣ್ಣ ಹುಟ್ಟಿದ್ದು 1852ರಲ್ಲಿ, ಮೈಸೂರಿನಲ್ಲೇ. ತಂದೆ ಬಕ್ಷಿ ಚಿಕ್ಕರಾಮಪ್ಪ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ವಿದ್ವಾಂಸರು. ಭೈರವಿ ರಾಗದ ಅಟತಾಳ ವರ್ಣದಿಂದ ಇಡೀ ದಕ್ಷಿಣ ಭಾರತಕ್ಕೆ ಪರಿಚಿತರಾದ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ವಂಶ ಇದು.

ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡಾಗ ಶೇಷಣ್ಣನವರ ವಿದ್ಯೆ ಅಲ್ಲಿಗೇ ನಿಂತುಹೋಗಬಹುದಿತ್ತು. ನಿಲ್ಲದಂತೆ ನೋಡಿಕೊಂಡವರು ಅಕ್ಕ ವೆಂಕಟಮ್ಮ. ಸ್ವತಃ ವೀಣೆ ಬಲ್ಲ ಆಕೆ ತಮ್ಮನ ಸಾಧನೆಗೆ ಕಾವಲಾಗಿ ನಿಂತರು. ದೊಡ್ಡ ಶೇಷಣ್ಣನವರಲ್ಲಿ ವೀಣೆ, ಮೈಸೂರು ಸದಾಶಿವರಾಯರಲ್ಲಿ ಹಾಡುಗಾರಿಕೆಯ ಪಾಠ ಆಯಿತು. ಈ ಅಕ್ಕನ ಹೆಸರನ್ನು ಮೈಸೂರು ಇನ್ನೂ ಸ್ವಲ್ಪ ಜೋರಾಗಿ ನೆನೆಯಬೇಕಿತ್ತು.

ಶೇಷಣ್ಣನವರಿಗೆ ವೀಣೆ ಮಾತ್ರ ಅಲ್ಲ, ತಂತಿ ಇದ್ದದ್ದೆಲ್ಲ ಇಷ್ಟ. ಪಿಟೀಲು, ಸ್ವರಬತ್, ದಿಲ್‌ರುಬಾ, ರುದ್ರವೀಣೆ ಅಷ್ಟೇ ಅಲ್ಲ, ಜಲತರಂಗ, ಹಾರ್ಮೋನಿಯಂ, ಪಿಯಾನೋ ಕೂಡ ಅವರ ಕೈಗೆ ಒಗ್ಗಿದ್ದವು. ಹೊಸ ವಾದ್ಯ ಕಂಡರೆ ಅದರ ಗುಟ್ಟು ತಿಳಿಯುವ ತನಕ ಬಿಡದ ಸ್ವಭಾವ. ಆದರೆ ಏನೇ ಕಲಿತರೂ ಕೊನೆಗೆ ಬಂದು ಸೇರುತ್ತಿದ್ದುದು ವೀಣೆಯ ಮಡಿಲಿಗೇ.

ನಾಲ್ವಡಿಯವರು ವೈಣಿಕ ಶಿಖಾಮಣಿ ಅನ್ನುವ ಬಿರುದು ಕೊಟ್ಟು ಅವರನ್ನು ಗೌರವಿಸಿದರು. ಬರೋಡಾದ ಕಥೆಯನ್ನು ಮೈಸೂರಿನ ಸಂಗೀತದ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಅಲ್ಲಿನ ಮಹಾರಾಜರು ಶೇಷಣ್ಣನವರ ವಾದನಕ್ಕೆ ಮನಸೋತು ಪಲ್ಲಕ್ಕಿ ಮೆರವಣಿಗೆಯ ಮರ್ಯಾದೆ ಕೊಟ್ಟರಂತೆ. ಶೇಷಣ್ಣ ತಾವು ಪಲ್ಲಕ್ಕಿ ಹತ್ತದೆ, ಅದರಲ್ಲಿ ವೀಣೆಯನ್ನು ಇಟ್ಟು, ಪಕ್ಕದಲ್ಲಿ ನಡೆದುಕೊಂಡೇ ಬಂದರಂತೆ. ಮರ್ಯಾದೆ ಸಲ್ಲಬೇಕಾದದ್ದು ವಾದ್ಯಕ್ಕೆ ಅನ್ನೋದು ಅವರ ಲೆಕ್ಕ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಅವರು ವೀಣೆ ನುಡಿಸಿದ್ದನ್ನೂ ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ಆಗ ಶೇಷಣ್ಣನವರಿಗೆ 72 ವರ್ಷ.

ಇಂಥವರ ಎದುರು ಕೂತವನಿಗೆ ಹುಚ್ಚು ಹಿಡಿಯದೆ ಇರುತ್ತದೆಯೇ?

ವೀಣೆ ಅಷ್ಟು ಸುಲಭಕ್ಕೆ ಒಲಿಯೋದಿಲ್ಲ

ನೋಡೋಕೆ ವೀಣೆ ಶಾಂತ ವಾದ್ಯ. ಕೂತು ನುಡಿಸಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಮೇಲೆ ನಾಲ್ಕು ನುಡಿಸುವ ತಂತಿ, ಪಕ್ಕದಲ್ಲಿ ಮೂರು ತಾಳದ ತಂತಿ. ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು. ಆ ಮೇಣ ಸ್ವಲ್ಪ ಸಡಿಲವಾಗಿ ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸ್ವರ ಕೆಡುತ್ತದೆ. ಬಲಗೈಯ ತೋರುಬೆರಳು, ಮಧ್ಯದ ಬೆರಳು ತಂತಿ ಮೀಟುತ್ತಿರುವಾಗಲೇ ಕಿರುಬೆರಳು ತಾಳದ ತಂತಿಯನ್ನು ನೋಡಿಕೊಳ್ಳಬೇಕು. ಎಡಗೈ ಬೆರಳು ತಂತಿಯನ್ನು ಒತ್ತಿದರೆ ಸಾಲದು, ಪಕ್ಕಕ್ಕೆ ಎಳೆದು ಗಮಕ ಹುಟ್ಟಿಸಬೇಕು. ಎಷ್ಟು ಎಳೆಯಬೇಕು ಅನ್ನೋದಕ್ಕೆ ಗೆರೆ ಹಾಕಿಟ್ಟಿಲ್ಲ, ಕಿವಿಯೇ ಹೇಳಬೇಕು.

ಮೊದಲ ತಿಂಗಳುಗಳಲ್ಲಿ ಬೆರಳ ತುದಿ ಉರಿಯುತ್ತದೆ. ಆಮೇಲೆ ಅಲ್ಲಿ ತಂತಿಯ ಗುರುತು ಬಿದ್ದು ಚರ್ಮ ಗಟ್ಟಿಯಾಗುತ್ತದೆ. ವೈಣಿಕರ ಕೈ ನೋಡಿದರೆ ಆ ಗೆರೆ ಕಾಣುತ್ತದೆ. ಕೂದಲೆಳೆಯಂಥ ಕುಂಚದಲ್ಲಿ ದಂತದ ಮೇಲೆ ಕಿರುಚಿತ್ರ ಬರೆಯುತ್ತಿದ್ದ ಕಲಾವಿದನಿಗೆ ಬೆರಳ ತುದಿಯ ಸೂಕ್ಷ್ಮವೇ ಬಂಡವಾಳ. ಅಂಥ ಬೆರಳನ್ನು ತಂತಿಗೆ ಒಪ್ಪಿಸೋದು ಅಂದರೆ ಏನು ಅಂತ ಊಹಿಸಿಕೊಳ್ಳಿ.

ಇದರ ಮೇಲೆ ಮೈಸೂರು ಬಾನಿಯ ಹಟ ಬೇರೆ. ಇಲ್ಲಿ ಎಡಗೈಯ ಎರಡು ಬೆರಳನ್ನೂ ಜೋಡಿಸಿ ಇಡದೆ ಬಿಡಿಬಿಡಿಯಾಗಿ ಬಳಸುವ ರೂಢಿ ಇದೆ. ಅದರಿಂದ ಒಂದೊಂದು ಸ್ವರವೂ ಮಣಿ ಪೋಣಿಸಿದ ಹಾಗೆ ಬೇರೆಬೇರೆಯಾಗಿ ಕೇಳಿಸುತ್ತದೆ. ವೇಗದಲ್ಲಿ ತಾನ ನುಡಿಸುವಾಗಲೂ ಸ್ವರ ಒಂದಕ್ಕೊಂದು ಕಲೆಯಬಾರದು. ಗೆರೆ ಗೆರೆಗೂ ಸ್ಪಷ್ಟತೆ ಬೇಡುತ್ತಿದ್ದ ವೆಂಕಟಪ್ಪನವರಂಥ ಚಿತ್ರಕಾರನಿಗೆ ಈ ಬಾನಿ ಹಿಡಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಮೈಸೂರಿನ ವೀಣೆಯ ಪಾಠಗಳೂ ರುಚಿಕಟ್ಟು. ಗೀತೆ, ಸ್ವರಜತಿ ಮುಗಿದ ಮೇಲೆ ವರ್ಣಗಳು. ಅದರಲ್ಲಿ ಗುರುಗಳ ಪೂರ್ವಿಕರದೇ ಆದ ಭೈರವಿಯ ಆ ದೊಡ್ಡ ವರ್ಣ. ಆಮೇಲೆ ತ್ಯಾಗರಾಜರ ಕೃತಿಗಳು, ಸದಾಶಿವರಾಯರ ಕೃತಿಗಳು. ಕಚೇರಿಯ ಕೊನೆಗೆ ಮಕ್ಕಳೂ ತಲೆದೂಗುವ ತಿಲ್ಲಾನಗಳು. ಶೇಷಣ್ಣನವರೇ ಸ್ವರಜತಿ, ವರ್ಣ, ಕೃತಿ, ತಿಲ್ಲಾನಗಳನ್ನು ರಚಿಸಿದವರು. ವೀಣೆಯ ಮೆಟ್ಟಿಲು ಬಲ್ಲವರು ಮಾಡಿದ ರಚನೆ ಆದ್ದರಿಂದ ಅವು ವೀಣೆಯ ಮೇಲೆ ನೀರಿನ ಹಾಗೆ ಹರಿಯುತ್ತವೆ. ಇವತ್ತಿಗೂ ವೈಣಿಕರು ಅವುಗಳನ್ನು ಕೈಬಿಟ್ಟಿಲ್ಲ.

ಕುಂಚ ಮುನಿಸಿಕೊಂಡಿತೇ?

ವೆಂಕಟಪ್ಪ ಯಾವುದನ್ನೂ ಅರ್ಧಂಬರ್ಧ ಮಾಡಿದವರಲ್ಲ. ಮದುವೆ ಆಗಲಿಲ್ಲ. ಬ್ರಹ್ಮಚರ್ಯ, ಸರಳ ಊಟ, ಕಟ್ಟುನಿಟ್ಟಿನ ದಿನಚರಿ, ದಿನಚರಿ ಬರೆದಿಡುವ ಅಭ್ಯಾಸ, ಎಲ್ಲವೂ ಕಲೆಗಾಗಿ ತಮ್ಮ ಮೇಲೆ ತಾವೇ ಹಾಕಿಕೊಂಡ ನಿಯಮ. ಚಿತ್ರಕ್ಕೆ ಮೀಸಲಾಗಿದ್ದ ಆ ತಪಸ್ಸಿನಲ್ಲಿ ಈಗ ವೀಣೆ ಪಾಲು ಕೇಳಿತು. ಪಾಲು ಅಂದರೆ ಸಣ್ಣ ಪಾಲಲ್ಲ.

ಕಲಾವಲಯದಲ್ಲಿ ಇದರ ಬಗ್ಗೆ ಬೇಸರ ಇತ್ತು. ಬಂಗಾಳದಲ್ಲಿ ಓದಿದ ಜೊತೆಗಾರರು ಒಬ್ಬೊಬ್ಬರೂ ಮೇಲೆ ಹೋಗುತ್ತಿದ್ದ ಕಾಲ ಅದು. ನಂದಲಾಲರು ಶಾಂತಿನಿಕೇತನದಲ್ಲಿ ಒಂದು ತಲೆಮಾರನ್ನೇ ತಯಾರು ಮಾಡುತ್ತಿದ್ದರು. ಇತ್ತ ಮೈಸೂರಿನಲ್ಲಿ ಅವರಿಗೆ ಸಮಾನ ಅನ್ನಿಸಿಕೊಂಡವರು ಗಂಟೆಗಟ್ಟಲೆ ವೀಣೆ ಹಿಡಿದು ಕೂತರೆ ಅಭಿಮಾನಿಗಳಿಗೆ ಹೊಟ್ಟೆ ಉರಿಯದೆ ಇರುತ್ತದಾ? ಎರಡು ದೋಣಿಯ ಮೇಲೆ ಕಾಲಿಟ್ಟವರ ಗಾದೆ ನಮ್ಮಲ್ಲಿ ಇದ್ದೇ ಇದೆಯಲ್ಲ.

ವೆಂಕಟಪ್ಪನವರಿಗೂ ಈ ಎಳೆದಾಟ ಗೊತ್ತಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. 1920ರ ದಶಕದಲ್ಲಿ ತಮ್ಮ ವೀಣೆಯ ಹುಚ್ಚನ್ನೇ ವಸ್ತುವಾಗಿ ಇಟ್ಟುಕೊಂಡು ಒಂದು ರೂಪಕದ ಚಿತ್ರ ಬರೆದರು. ಅದರ ಹೆಸರಿನಲ್ಲೇ ಹುಚ್ಚು ಅನ್ನೋ ಮಾತಿದೆ. ತನ್ನನ್ನು ತಾನೇ ಗೇಲಿ ಮಾಡಿಕೊಂಡ ಹಾಗೂ ಇದೆ, ತನ್ನನ್ನು ತಾನೇ ಕೇಳಿಕೊಂಡ ಹಾಗೂ ಇದೆ. ವೀಣೆಗೆ ಒಲಿದ ಮನಸ್ಸು ತನ್ನ ಕಥೆ ಹೇಳೋಕೆ ಮತ್ತೆ ಕುಂಚವನ್ನೇ ಹಿಡಿಯಬೇಕಾಯಿತು.

ಗುರು ಹೋದ ಮೇಲೆ

1926ರ ಜುಲೈನಲ್ಲಿ ಶೇಷಣ್ಣ ತೀರಿಕೊಂಡರು. ಮೈಸೂರಿನ ವೀಣೆಯ ಒಂದು ಯುಗ ಅಲ್ಲಿಗೆ ಮುಗಿಯಿತು. ಅವರ ವಿದ್ಯೆ ಮಾತ್ರ ಮುಗಿಯಲಿಲ್ಲ. ವೀಣೆ ವೆಂಕಟಗಿರಿಯಪ್ಪ, ಭೈರವಿ ಲಕ್ಷ್ಮೀನಾರಣಪ್ಪ ಮೊದಲಾದ ಶಿಷ್ಯರು ಅದನ್ನು ಮುಂದುವರಿಸಿದರು. ವೆಂಕಟಗಿರಿಯಪ್ಪನವರಿಂದ ಅದು ವಿ. ದೊರೆಸ್ವಾಮಿ ಅಯ್ಯಂಗಾರರಿಗೆ ಬಂತು, ಅವರಿಂದ ದೇಶಕ್ಕೆಲ್ಲ ಕೇಳಿಸಿತು.

ಈ ಶಿಷ್ಯರ ಪಟ್ಟಿಯಲ್ಲಿ ವೆಂಕಟಪ್ಪನವರ ಹೆಸರು ಬರೋದು ಬೇರೆ ಸಾಲಿನಲ್ಲಿ. ವೈಣಿಕರಾಗಿ ಅವರು ಪರಂಪರೆ ಬೆಳೆಸಲಿಲ್ಲ. ಜನ ಅವರನ್ನು ನೆನೆಯೋದು ಚಿತ್ರಕಾರನಾಗಿಯೇ. ಹಾಗಂತ ಆ ವರ್ಷಗಳು ವ್ಯರ್ಥವಾದವು ಅನ್ನೋಕೆ ಆಗುತ್ತಾ?

ಅವರ ಊಟಿ ಮತ್ತು ಕೊಡೈಕನಾಲ್ ಚಿತ್ರಗಳನ್ನು ನೋಡಿದವರಿಗೆ ಹಾಗೆ ಅನ್ನಿಸೋದಿಲ್ಲ. ಬೆಟ್ಟದ ಮೇಲೆ ಇಳಿಯುವ ಮಂಜು, ಮಳೆ ನಿಂತ ಮೇಲೆ ಬಿರಿಯುವ ಮೋಡ, ಕೆರೆಯ ನೀರಿನ ಮೇಲೆ ನಿಧಾನಕ್ಕೆ ಬದಲಾಗುವ ಬೆಳಕು. ಪುರಾಣದ ಪಾತ್ರ ಇಲ್ಲ, ಕಥೆ ಇಲ್ಲ. ಒಂದೇ ಬಣ್ಣ ಸಣ್ಣಗೆ ಏರಿ ಸಣ್ಣಗೆ ಇಳಿಯುತ್ತದೆ. ಗಂಟೆಗಟ್ಟಲೆ ಒಂದೇ ರಾಗದ ಒಂದೇ ಸ್ವರದ ಸುತ್ತ ಸುಳಿದು ಬಂದವರಿಗೆ ಮಾತ್ರ ಸಾಧ್ಯವಾಗುವ ತಾಳ್ಮೆ ಆ ಚಿತ್ರಗಳಲ್ಲಿದೆ. ಅದು ವೀಣೆಯಿಂದಲೇ ಬಂತು ಅಂತ ಸಾಬೀತು ಮಾಡೋಕೆ ಆಗದು. ವೀಣೆ ಕೇಳಿ ಬಂದು ಆ ಚಿತ್ರದ ಎದುರು ನಿಂತವರಿಗೆ ಸಾಬೀತು ಬೇಕಾಗಿಯೂ ಇಲ್ಲ.

ನಾಲ್ವಡಿಯವರ ಆಶ್ರಯದಲ್ಲಿ ಅವರು ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. ಶಕುಂತಲೆ ಆಶ್ರಮ ಬಿಟ್ಟು ಹೊರಡುವ ದೃಶ್ಯ, ಶಿವನ ತಾಂಡವ ಅವುಗಳಲ್ಲಿ ಹೆಸರಾದವು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಕಾಲ ಬದಲಾಯಿತು. ಕೆಲಸದ ಸಂಭಾವನೆಯ ವಿಚಾರ ವ್ಯಾಜ್ಯವಾಗಿ ನ್ಯಾಯಾಲಯದ ಮೆಟ್ಟಿಲೇರಿತು. ವೆಂಕಟಪ್ಪ ಹುಟ್ಟಿದ ಊರು ಬಿಟ್ಟು ಬೆಂಗಳೂರು ಸೇರಿದರು. ಕಲೆಯ ಬೆಲೆಯನ್ನು ಕಲಾವಿದನೇ ಹೇಳಬೇಕು ಅನ್ನುವ ವಿಷಯದಲ್ಲಿ ಅವರು ಯಾರಿಗೂ ತಲೆ ಬಾಗಿಸುವವರಲ್ಲ. ಅದಕ್ಕೆ ತೆತ್ತ ಬೆಲೆ ಒಂಟಿತನ. 1965ರಲ್ಲಿ ಅವರು ಕಣ್ಮುಚ್ಚಿದರು.

ಈಗ ಉಳಿದಿರುವುದು

ಅವರ ಚಿತ್ರಗಳಿಗಾಗಿಯೇ ಬೆಂಗಳೂರಿನಲ್ಲಿ ಸರ್ಕಾರ ಕಟ್ಟಿದ ವೆಂಕಟಪ್ಪ ಚಿತ್ರಶಾಲೆ 1970ರ ದಶಕದಲ್ಲಿ ತೆರೆಯಿತು. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರುವವರು ಕಬ್ಬನ್ ಪಾರ್ಕ್ ಪಕ್ಕದ ಆ ಕಟ್ಟಡಕ್ಕೆ ಒಂದು ಗಂಟೆ ಬಿಡುವು ಮಾಡಿಕೊಂಡರೆ ನಮ್ಮೂರಿನ ಹುಡುಗ ಏನು ಮಾಡಿದ ಅನ್ನೋದು ಕಣ್ಣಾರೆ ಕಾಣುತ್ತದೆ. ಇಲ್ಲಿ ಮೈಸೂರಿನಲ್ಲಿ ಗುರುಗಳ ಹೆಸರಿನ ವೀಣೆ ಶೇಷಣ್ಣ ಭವನ ಕುವೆಂಪುನಗರದಲ್ಲಿದೆ, ಅಲ್ಲಿ ಕಚೇರಿಗಳು ನಡೆಯುತ್ತವೆ. ಜಗನ್ಮೋಹನ ಅರಮನೆಯ ಕಲಾ ಸಂಗ್ರಹಾಲಯದಲ್ಲಿ ಚಿತ್ರಗಳ ಜೊತೆಗೆ ಹಳೆಯ ವಾದ್ಯಗಳ ಸಂಗ್ರಹವೂ ಇದೆ.

ಇವತ್ತು ಊರಿನ ಗಲ್ಲಿಗಲ್ಲಿಯಲ್ಲಿ ಗಿಟಾರ್, ಕೀಬೋರ್ಡ್, ಪಿಟೀಲು ತರಗತಿಗಳಿವೆ. ಕೆಲಸ ಮುಗಿಸಿ ಸಂಜೆ ಹೋಗಿ ಕೂರುವ ದೊಡ್ಡವರೂ ಇದ್ದಾರೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ ಅವರನ್ನು ಮನೆಯವರು ಕೇಳಬಹುದು, ತಮ್ಮನ್ನು ತಾವೇ ಕೇಳಿಕೊಳ್ಳಬಹುದು. ಹೆಸರು ಬರೋದಿಲ್ಲ, ದುಡ್ಡು ಬರೋದಿಲ್ಲ, ಬೆರಳು ನೋಯುತ್ತದೆ ಅಷ್ಟೇ.

ಮೂವತ್ತು ದಾಟಿದ ಮೇಲೆ ವೀಣೆಯ ಮುಂದೆ ಕೂತ ವೆಂಕಟಪ್ಪನವರಿಗೂ ಅದೇ ಪ್ರಶ್ನೆ ಎದುರಾಗಿತ್ತು. ಅವರು ಉತ್ತರ ಹುಡುಕುತ್ತಾ ಕೂರಲಿಲ್ಲ, ಪಾಠಕ್ಕೆ ಹೋದರು.